ಸಾಲ ಮಾಡಿದವರು ಯಾರು, ತೀರಿಸುವವರು ಯಾರು?

ಸಾಲವೆಂದರೆ ನಮ್ಮ ಜನರಿಗೆ ಒಂದು ಅಂಜಿಕೆಯಿದೆ. ಕಿರಾಣಿ ಅಂಗಡಿಯ ಸಾಲಕ್ಕೆ ಪುಸ್ತಕವಿದೆ. ಬ್ಯಾಂಕಿನ ಸಾಲಕ್ಕೆ ಸಹಿಯಿದೆ, ಜಾಮೀನುದಾರನಿದ್ದಾನೆ, ಕಂತಿನ ದಿನವಿದೆ. ಕೈಸಾಲಕ್ಕೆ ಇವು ಯಾವುವೂ ಇಲ್ಲದಿದ್ದರೂ ಕೊಟ್ಟವನ ಮುಖವಿದೆ. ದಾರಿಯಲ್ಲಿ ಆತ ಎದುರಾದರೆ ತಲೆ ತಗ್ಗಿಸಬೇಕಾಗುತ್ತದೆ. ಆದರೆ ಕಂಪೆನಿಗಳ ಜಗತ್ತಿನಲ್ಲಿ ಇನ್ನೊಂದು ಬಗೆಯ ಸಾಲವಿದೆ. ಅದಕ್ಕೆ ಪುಸ್ತಕವಿಲ್ಲ, ಸಹಿಯಿಲ್ಲ, ಎದುರಾಗುವ ಮುಖವೂ ಇಲ್ಲ. ಅದರ ಹೆಸರು ‘ತಾಂತ್ರಿಕ ಸಾಲ’.

ಈ ಮಾತನ್ನು ಬಳಕೆಗೆ ತಂದವರು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಾಂಶ ತಜ್ಞ. 1992ರಲ್ಲಿ ಅವರು ಹಣಕಾಸು ವ್ಯವಹಾರದ ಒಂದು ತಂತ್ರಾಂಶವನ್ನು ಕಟ್ಟಿದ ಅನುಭವವನ್ನು ಬರೆಯುವಾಗ ಈ ಹೋಲಿಕೆಯನ್ನು ಕೊಟ್ಟರು. ಕೆಲಸ ಬೇಗ ಮುಗಿಯಲೆಂದು ಅರೆಬರೆ ತಿಳುವಳಿಕೆಯಲ್ಲಿ ಬರೆದ ಪ್ರೋಗ್ರಾಮ್ ಒಂದು ಸಾಲವಿದ್ದಂತೆ. ಅದನ್ನು ಬೇಗನೆ ತಿದ್ದಿ ಬರೆದರೆ ಸಾಲ ತೀರುತ್ತದೆ, ಇಲ್ಲವಾದರೆ ಮುಂದೆ ಮಾಡುವ ಪ್ರತಿಯೊಂದು ಕೆಲಸಕ್ಕೂ ಬಡ್ಡಿ ತೆರಬೇಕಾಗುತ್ತದೆ ಎಂಬುದು ಅವರ ಮಾತಿನ ತಿರುಳು. ಮುಂದೆ 2015ರಲ್ಲಿ ಸ್ಟೀವ್ ಬ್ಲ್ಯಾಂಕ್ ಎಂಬವರು ಇದನ್ನೇ ಮನುಷ್ಯರಿಗೆ ವಿಸ್ತರಿಸಿ ‘ಸಂಘಟನೆಯ ಸಾಲ’ದ ಬಗ್ಗೆ ಬರೆದರು. ಬೆಳೆಯುವ ಅವಸರದಲ್ಲಿ ಕಂಪೆನಿಗಳು ಹೊಸಬರಿಗೆ ತರಬೇತಿ ಕೊಡುವುದಿಲ್ಲ. ಯಾರ ಹೊಣೆ ಎಲ್ಲಿಯವರೆಗೆ ಎಂಬುದನ್ನು ಗೊತ್ತುಮಾಡುವುದಿಲ್ಲ. ಹತ್ತು ಜನರಿದ್ದಾಗ ನಡೆದ ಪದ್ಧತಿಯನ್ನೇ ಸಾವಿರ ಜನರಾದಾಗಲೂ ಎಳೆದುಕೊಂಡು ಹೋಗುತ್ತವೆ. ಇದೂ ಸಾಲವೇ.

ಹೋಲಿಕೆ ಸೊಗಸಾಗಿದೆ. ನಮ್ಮ ತಕರಾರು ಹೋಲಿಕೆಯ ಬಗ್ಗೆ ಅಲ್ಲ, ಅದನ್ನು ಬಳಸುವ ರೀತಿಯ ಬಗ್ಗೆ. ನಿಜವಾದ ಸಾಲದಲ್ಲಿ ಪಡೆದವನೇ ತೀರಿಸುತ್ತಾನೆ. ಇಲ್ಲಿ ಪಡೆಯುವವನೊಬ್ಬ, ತೀರಿಸುವವನು ಇನ್ನೊಬ್ಬ. ಎರಡು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಷೇರು ವ್ಯವಹಾರದ ನೈಟ್ ಕ್ಯಾಪಿಟಲ್ ಕಂಪೆನಿಯದ್ದು. 1995ರಲ್ಲಿ ಹುಟ್ಟಿದ ಇದು ಕೆಲವೇ ವರ್ಷಗಳಲ್ಲಿ ಅಮೆರಿಕದ ಷೇರುಪೇಟೆಯ ದೊಡ್ಡ ಹೆಸರಾಗಿ ಬೆಳೆದಿತ್ತು. ಅದರ ಯಂತ್ರಗಳಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಪ್ರೋಗ್ರಾಮ್ ಒಂದಿತ್ತು. 2003ರಲ್ಲೇ ಅದರ ಬಳಕೆ ನಿಂತಿತ್ತು, ಆದರೆ ಯಾರೂ ಅದನ್ನು ತೆಗೆದುಹಾಕಿರಲಿಲ್ಲ. ಸಾಕಷ್ಟು ಷೇರು ಕೊಂಡಾಯಿತು, ಇನ್ನು ನಿಲ್ಲಿಸು ಎಂದು ಅದಕ್ಕೆ ಹೇಳುತ್ತಿದ್ದ ಭಾಗವನ್ನು 2005ರಲ್ಲಿ ಬೇರೆ ಕಡೆಗೆ ಸರಿಸಿದರು. ಆ ಬಳಿಕ ಪವರ್ ಪೆಗ್ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಲಿಲ್ಲ. 2012ರಲ್ಲಿ ಹೊಸ ಪ್ರೋಗ್ರಾಮ್ ಬರೆದಾಗ ಹಳೆಯದನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಹೊಸದಕ್ಕೂ ಬಳಸಿಕೊಂಡರು. ಎಂಟು ಸರ್ವರ್‌ಗಳಿಗೆ ಅದನ್ನು ಹಾಕಬೇಕಿತ್ತು. ಒಂದಕ್ಕೆ ಹಾಕುವುದು ಬಿಟ್ಟುಹೋಯಿತು. ಆ ಕೆಲಸವನ್ನು ಎರಡನೆಯವರೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಅಲ್ಲಿರಲಿಲ್ಲ.

2012ರ ಆಗಸ್ಟ್ 1ರಂದು ಪೇಟೆ ತೆರೆಯುತ್ತಿದ್ದಂತೆ ಆ ಎಂಟನೆಯ ಯಂತ್ರದಲ್ಲಿ ಒಂಬತ್ತು ವರ್ಷ ಮಲಗಿದ್ದ ಪವರ್ ಪೆಗ್ ಎದ್ದು ಕೂತಿತು. ಸುಮಾರು 45 ನಿಮಿಷಗಳಲ್ಲಿ 40 ಲಕ್ಷ ವ್ಯವಹಾರಗಳು ನಡೆದುಹೋದವು. ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ಪೇಟೆ ತೆರೆಯುವ ಮೊದಲೇ ಯಂತ್ರಗಳು ದೋಷ ಸೂಚಿಸುವ 97 ಇ-ಮೇಲ್‌ಗಳನ್ನು ಸಿಬ್ಬಂದಿಗೆ ಕಳುಹಿಸಿದ್ದವು. ಅವು ಎಚ್ಚರಿಕೆಯ ಸಂದೇಶಗಳೆಂದು ಯಾರೂ ಓದುವ ರೂಢಿ ಇರಲಿಲ್ಲ. ಗಾಬರಿಯಲ್ಲಿ ಸರಿಯಾಗಿದ್ದ ಏಳು ಯಂತ್ರಗಳಿಂದಲೂ ಹೊಸ ಪ್ರೋಗ್ರಾಮನ್ನು ತೆಗೆದರು. ಆಗ ರೋಗ ಅವಕ್ಕೂ ಹರಡಿತು! ಮರುವರ್ಷ ಕಂಪೆನಿ ಇನ್ನೊಂದು ಕಂಪೆನಿಯಲ್ಲಿ ವಿಲೀನವಾಯಿತು.

ಈ ಕಥೆಯನ್ನು ಹೇಳುವವರೆಲ್ಲ ಆ ಒಂದು ಸರ್ವರ್ ಮರೆತ ತಂತ್ರಜ್ಞನಲ್ಲಿಗೆ ಬಂದು ನಿಲ್ಲುತ್ತಾರೆ. ಇದು ನ್ಯಾಯವೇ? ಸತ್ತ ಪ್ರೋಗ್ರಾಮನ್ನು ಒಂಬತ್ತು ವರ್ಷ ಮನೆಯೊಳಗೆ ಇಟ್ಟುಕೊಂಡದ್ದು ಅವನಲ್ಲ. ಪರಿಶೀಲನೆಯ ನಿಯಮ ಬರೆಯದೆ ಬಿಟ್ಟದ್ದೂ ಅವನಲ್ಲ. ಅವನು ಕೊನೆಯ ಕಂತಿನ ದಿನ ಬಾಗಿಲಲ್ಲಿ ಸಿಕ್ಕವನು, ಅಷ್ಟೇ.

ಎರಡನೆಯದು ಸೌತ್‌ವೆಸ್ಟ್ ವಿಮಾನ ಕಂಪೆನಿಯದ್ದು. 1971ರಲ್ಲಿ ಟೆಕ್ಸಾಸ್‌ನ ಮೂರು ನಗರಗಳ ನಡುವೆ ಹಾರಾಟ ಆರಂಭಿಸಿದ ಇದು ಅಮೆರಿಕದ ಅತಿ ದೊಡ್ಡ ವಿಮಾನ ಕಂಪೆನಿಗಳಲ್ಲಿ ಒಂದಾಯಿತು. 2022ರ ಡಿಸೆಂಬರ್‌ನಲ್ಲಿ ಹಿಮಗಾಳಿ ಬೀಸಿದಾಗ ಎಲ್ಲ ಕಂಪೆನಿಗಳೂ ತತ್ತರಿಸಿದವು, ಉಳಿದವು ಕೆಲವು ದಿನಗಳಲ್ಲಿ ಚೇತರಿಸಿಕೊಂಡವು. ಸೌತ್‌ವೆಸ್ಟ್ ಮಾತ್ರ ಕುಸಿದುಬಿತ್ತು. ಹತ್ತೇ ದಿನಗಳಲ್ಲಿ 16,900 ಹಾರಾಟಗಳು ರದ್ದಾದವು. 20 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಹಬ್ಬದ ದಿನಗಳಲ್ಲಿ ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡರು. ಯಾವ ಪೈಲಟ್ ಯಾವ ವಿಮಾನಕ್ಕೆ ಎಂದು ಹೊಂದಿಸುವ ‘ಸ್ಕೈಸಾಲ್ವರ್’ ಎಂಬ ತಂತ್ರಾಂಶ ಬದಲಾವಣೆಗಳ ರಾಶಿಯನ್ನು ತಾಳಲಾರದೆ ಹೋಯಿತು. ಪೈಲಟ್‌ಗಳು, ಗಗನಸಖಿಯರು ತಾವು ಎಲ್ಲಿದ್ದೇವೆಂದು ತಮ್ಮದೇ ಕಂಪೆನಿಗೆ ತಿಳಿಸಲು ಗಂಟೆಗಟ್ಟಲೆ ಫೋನ್ ಹಿಡಿದು ಕಾಯಬೇಕಾಯಿತು.

ತಂತ್ರಾಂಶದ್ದೇ ಎಲ್ಲ ತಪ್ಪಲ್ಲ, ಚಳಿಗಾಲದ ಸಿದ್ಧತೆಯೂ ಸಾಲದೇ ಹೋಯಿತು ಎಂದು ಕಂಪೆನಿ ಹೇಳಿತು. ಇರಬಹುದು. ಆದರೆ ಈ ದೌರ್ಬಲ್ಯದ ಬಗ್ಗೆ ಪೈಲಟ್‌ಗಳ ಸಂಘ ವರ್ಷಗಳಿಂದ ಎಚ್ಚರಿಸುತ್ತಾ ಬಂದಿತ್ತು. ಕೊರೋನಾ ಕಾಲದಲ್ಲಿ ಸಿಬ್ಬಂದಿಯ ಸಂಬಳಕ್ಕೆಂದು ಸರಕಾರದಿಂದ ಸುಮಾರು 700 ಕೋಟಿ ಡಾಲರ್ ನೆರವು ಪಡೆದಿದ್ದ ಕಂಪೆನಿ, ಕುಸಿತಕ್ಕೆ ಎರಡು ವಾರ ಮೊದಲಷ್ಟೇ ಷೇರುದಾರರಿಗೆ ಲಾಭಾಂಶ ಹಂಚುವುದನ್ನು ಮತ್ತೆ ಆರಂಭಿಸುವುದಾಗಿ ಪ್ರಕಟಿಸಿತ್ತು. ಒಂದು ಸಾಲಕ್ಕೆ ಕಿವಿಗೊಡಲು ಸಮಯವಿಲ್ಲ, ಇನ್ನೊಂದು ಕಡೆ ಲಾಭ ಹಂಚುವುದಕ್ಕೆ ಅವಸರ! ಆ ಮೂರು ತಿಂಗಳ ಲೆಕ್ಕದಲ್ಲಿ ಈ ಕುಸಿತದಿಂದ ಸುಮಾರು 80 ಕೋಟಿ ಡಾಲರ್ ಹೊಡೆತ ಬಿತ್ತು. ಮರುವರ್ಷ ಅಮೆರಿಕದ ಸಾರಿಗೆ ಇಲಾಖೆ 14 ಕೋಟಿ ಡಾಲರ್ ದಂಡ ವಿಧಿಸಿತು. ಆದರೆ ವಿಮಾನ ನಿಲ್ದಾಣದ ನೆಲದ ಮೇಲೆ ಮಕ್ಕಳೊಂದಿಗೆ ರಾತ್ರಿ ಕಳೆದವರು ಈ ಸಾಲದ ಯಾವ ಪತ್ರಕ್ಕೆ ಸಹಿ ಹಾಕಿದ್ದರು?

ಇದು ದೂರದ ದೇಶದ ಕಥೆ ಎನ್ನುವಂತಿಲ್ಲ. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ಹಾರಾಟಗಳು ರದ್ದಾಗಿ ಬೆಂಗಳೂರೂ ಸೇರಿದಂತೆ ದೇಶದ ವಿಮಾನ ನಿಲ್ದಾಣಗಳು ಸಂತೆಯಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ನಿಂತವು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ, ರಾತ್ರಿ ಇಳಿಸುವಿಕೆಗಳನ್ನು ಮಿತಗೊಳಿಸುವ ನಿಯಮಗಳು 2024ರ ಜನವರಿಯಲ್ಲೇ ಪ್ರಕಟವಾಗಿದ್ದವು. ಅವುಗಳ ಎರಡನೆಯ ಹಂತ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಾಗ ದೇಶದ ಅತಿ ದೊಡ್ಡ ವಿಮಾನ ಕಂಪೆನಿಯ ಬಳಿ ಸಾಕಷ್ಟು ಸಿದ್ಧತೆ ಇರಲಿಲ್ಲ. ಯೋಜನೆಯಲ್ಲಿ ಕೊರತೆಯಾಗಿದೆ ಎಂದು ಕಂಪೆನಿಯೇ ಒಪ್ಪಿಕೊಂಡಿತು. ಕೊನೆಗೆ ಬಿಕ್ಕಟ್ಟು ಬಿಡಿಸಲು ಸಿಕ್ಕ ದಾರಿ ಯಾವುದು? ಕೆಲವು ನಿಯಮಗಳಿಗೆ ತಾತ್ಕಾಲಿಕ ವಿನಾಯಿತಿ! ಅಂದರೆ ಕಂಪೆನಿಯ ಸಾಲಕ್ಕೆ ಪೈಲಟ್‌ಗಳ ನಿದ್ದೆಯಿಂದ ಕಂತು ಕಟ್ಟಿಸಿದಂತಾಯಿತು.

ಈ ಸಾಲದೊಂದಿಗೆ ನಮ್ಮ ನಾಡಿಗೆ ಹಳೆಯ ನಂಟೂ ಇದೆ. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದು ಜಾಗ ಉಳಿಸಿದ ಹಳೆಯ ಕಂಪ್ಯೂಟರ್‌ಗಳು 2000ನೇ ಇಸವಿಗೆ ಹೆದರಿದಾಗ, ಅವುಗಳನ್ನು ತಿದ್ದುವ ಕೆಲಸದಿಂದ ನಮ್ಮ ತಂತ್ರಾಂಶ ಕಂಪೆನಿಗಳು ದೊಡ್ಡ ಅವಕಾಶ ಪಡೆದವು. ಬೇರೆಯವರ ಸಾಲ ನಮ್ಮವರಿಗೆ ಅನ್ನ ಕೊಟ್ಟಿತು. ಇಂದಿಗೂ ಜಗತ್ತಿನ ಅನೇಕ ಕಂಪೆನಿಗಳ ಹಳೆಯ ತಂತ್ರಾಂಶವನ್ನು ರಾತ್ರಿ ಎದ್ದು ಕೂತು ಕಾಯುವವರಲ್ಲಿ ನಮ್ಮ ಮನೆಗಳ ಹುಡುಗ ಹುಡುಗಿಯರಿದ್ದಾರೆ. ಈ ಮಾತು ನಮಗೆ ಹೊರಗಿನದಲ್ಲ.

ಹಾಗಾದರೆ ಸಾಲವೇ ಬೇಡವೆ? ಹಾಗೆ ಹೇಳುವುದು ಪ್ರಾಮಾಣಿಕವಲ್ಲ. ಮೊದಲ ದಿನವೇ ಎಲ್ಲವನ್ನೂ ಪರಿಪೂರ್ಣವಾಗಿ ಕಟ್ಟಲು ಹೊರಟ ಕಂಪೆನಿ ಎರಡನೆಯ ವರ್ಷವನ್ನು ಕಾಣುವುದಿಲ್ಲ. ಕನ್ನಿಂಗ್‌ಹ್ಯಾಮ್ ಕೂಡ ಸಾಲ ಪಾಪವೆಂದಿರಲಿಲ್ಲ, ಮರಳಿಸದಿರುವುದು ಅಪಾಯವೆಂದಿದ್ದರು. ನಾವು ಕೇಳುವುದು ಇಷ್ಟೆ: ಸಾಲವೆಂದು ಕರೆದ ಮೇಲೆ ಸಾಲದಂತೆಯೇ ನಡೆಸಿಕೊಳ್ಳಿ. ಏನನ್ನು ಅರೆಬರೆ ಬಿಟ್ಟಿದ್ದೇವೆ, ಯಾರ ಒಪ್ಪಿಗೆಯಿಂದ, ಯಾವ ದಿನದೊಳಗೆ ತೀರಿಸುತ್ತೇವೆ ಎಂಬುದನ್ನು ಬರೆದಿಡಿ. ಬಳಕೆ ನಿಂತದ್ದನ್ನು ಅಂದೇ ತೆಗೆದುಹಾಕಿ. ಒಬ್ಬನ ತಲೆಯೊಳಗೆ ಮಾತ್ರ ಇರುವ ತಿಳುವಳಿಕೆಯೂ ಸಾಲವೇ. ಅದನ್ನು ಇಬ್ಬರಿಗೆ ಕಲಿಸಿ. ಹೊಸದನ್ನು ಕಟ್ಟುವ ಸಮಯದಲ್ಲಿ ಒಂದು ಪಾಲನ್ನು ಹಳೆಯದರ ದುರಸ್ತಿಗೆ ಮೀಸಲಿಡಿ, ಕೆಲಸ ಹೆಚ್ಚಾದಾಗ ಮೊದಲು ಕತ್ತರಿಸುವುದು ಆ ಪಾಲನ್ನೇ ಆಗದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಲಾಭ ಹಂಚುವ ಸಭೆಯ ಮೇಜಿನ ಮೇಲೆ ಈ ಪುಸ್ತಕವೂ ಇರಲಿ.

ಆಗ ಕೆಳಗಿನಿಂದ ಬರುವ ಎಚ್ಚರಿಕೆ ಗೊಣಗಾಟವಾಗಿ ಕೇಳಿಸದು, ಸಾಲಗಾರನಿಗೆ ಬಂದ ನೋಟೀಸಿನಂತೆ ಕೇಳಿಸೀತು. ಕಿರಾಣಿ ಅಂಗಡಿಯ ಬಡ ಗಿರಾಕಿಯಿಂದ ನಾವು ನಿರೀಕ್ಷಿಸುವ ಪ್ರಾಮಾಣಿಕತೆಯನ್ನು ಕೋಟಿಗಟ್ಟಲೆ ವ್ಯವಹಾರ ಮಾಡುವ ಕಂಪೆನಿಯಿಂದ ನಿರೀಕ್ಷಿಸುವುದು ಅತಿಯಾಸೆಯೇ?