ಬಾಕ್ಸು ಹಾಡಬಾರದು

ದಾವಣಗೆರೆಯ ನಮ್ಮ ಹಳೇ ಮನೆ ಕೆಡವಿದಾಗ ಮುಂಬಾಗಿಲಿನ ತೇಗದ ಹಲಗೆಗಳನ್ನು ಮಾರೋಕೆ ಮನಸ್ಸು ಬರಲಿಲ್ಲ. ಅದರಲ್ಲೇ ಒಂದು ಜೋಡಿ ಸ್ಪೀಕರ್ ಬಾಕ್ಸ್ ಮಾಡಿಸಿದೆ. ಒಳಗೆ ಉದ್ದ, ಅಗಲ, ಎತ್ತರ ಮೂರೂ 30 ಸೆಂಟಿಮೀಟರ್. ಪಾಲಿಶ್ ಆದ ಮೇಲೆ ನೋಡಿದವರೆಲ್ಲ ಎಲ್ಲಿ ತಗೊಂಡ್ರಿ ಅಂತ ಕೇಳೋರು. ಮೊದಲು ಹಾಕಿದ್ದು ತೀರಿಹೋದ ಅಪ್ಪನ ಮಾತಿದ್ದ ಒಂದು ಕ್ಯಾಸೆಟ್. ಅವ್ವ ಸ್ವಲ್ಪ ಹೊತ್ತು ಕೇಳಿದಳು. "ಇದು ನಿಮ್ಮಪ್ಪನ ದನಿ ಅಲ್ಲ. ಯಾರೋ ಕೊಡದಾಗ ಕುಂತು ಮಾತಾಡ್ದಂಗೈತಿ" ಅಂದು ಎದ್ದು ಹೋದಳು.

ಆಂಪ್ಲಿಫೈಯರನ್ನು ಬೈದೆ, ಕ್ಯಾಸೆಟ್ಟನ್ನು ಬೈದೆ. ಬಾಕ್ಸನ್ನು ಬೈಯಲಿಲ್ಲ. ತೇಗ ಅಲ್ವಾ!

ನಮ್ಮ ಅಭಿರುಚಿ ಎಡವೋದು ಇಲ್ಲೇ. ಒಳ್ಳೇ ಮರ ಅಂದ್ರೆ ಒಳ್ಳೇ ಸೌಂಡ್ ಅನ್ನೋದು ವೀಣೆಗೆ ನಿಜ. ಅದರ ಹಲಸಿನ ಕೊಡ ತಂತಿಯ ಜೊತೆ ತಾನೂ ನಡುಗಿ ಹಾಡಬೇಕು. ಸ್ಪೀಕರಿನಲ್ಲಿ ಹಾಡೋದು ಕೋನು. ಅದರ ಹಿಂದಿನ ಸದ್ದು ಮುಂದಿನ ಸದ್ದನ್ನು ಅಳಿಸದ ಹಾಗೆ ತಡೆದು, ತಾನು ಸುಮ್ಮನಿರೋದು ಬಾಕ್ಸಿನ ಕೆಲಸ.

ಹರಿಹರದಲ್ಲಿರೋ ನಮ್ಮ ಸೋದರಮಾವ ಮೈಸೂರು ಕಿರ್ಲೋಸ್ಕರಿನಲ್ಲಿ ಲೇತ್ ಕಟ್ಟಿದವರು. ನನ್ನ ಬಾಕ್ಸನ್ನು ಬೆರಳಿಂದ ತಟ್ಟಿದರು. 'ಡುಮ್' ಅಂತು. "ಲೇತ್ ಬೆಡ್ ನಡುಗಬಾರ್ದು ಅಂತ ಒಳಗೆ ಪಕ್ಕೆಲುಬು ಕೊಡ್ತಾರಪ್ಪ. ಇದಕ್ಕೆಲ್ಲೈತಿ?" ಅಂದರು.

ಆಕಾರವೂ ತಪ್ಪಿತ್ತು. ಎದುರುಬದುರು ಗೋಡೆಗಳ ನಡುವೆ ಓಡಾಡೋ ಅಲೆ ಒಂದು ಸ್ವರವನ್ನು ಉಬ್ಬಿಸುತ್ತೆ. 30 ಸೆಂಟಿಮೀಟರಿಗೆ ಅದು ಸುಮಾರು 570 ಹರ್ಟ್ಸ್, ಮನುಷ್ಯರ ಮಾತಿನ ನಟ್ಟನಡುವೆ. ಮೂರೂ ಅಳತೆ ಒಂದೇ ಆದ್ರೆ ಮೂರೂ ಕಡೆ ಅದೇ ಸ್ವರ. ಅವ್ವನಿಗೆ ಕೇಳಿಸಿದ ಕೊಡ ಅದೇ. ಅಳತೆಯನ್ನು 18, 30, 48 ಮಾಡಿದರೆ ಒಳಗಿನ ಜಾಗ 27 ಲೀಟರಿನಿಂದ 26ಕ್ಕೆ ಇಳಿಯುತ್ತೆ, ಅಷ್ಟೇ. ಉಬ್ಬು ಮಾತ್ರ 360, 570, 950 ಅಂತ ಹಂಚಿಹೋಗುತ್ತೆ. ಹೊರ ಅಂಚುಗಳಲ್ಲಿ ಸದ್ದು ಚದುರೋ ವಿಷಯದಲ್ಲೂ ಗೋಳ ಒಳ್ಳೇದು, ಘನಚೌಕ ಕೆಟ್ಟದ್ದು ಅಂತ ಅಮೆರಿಕದ ಹ್ಯಾರಿ ಓಲ್ಸನ್ 1951ರಲ್ಲೇ ಅಳೆದು ತೋರಿಸಿದ್ದರು.

ಹಾಗಾದ್ರೆ ಯಾವ ಹಲಗೆ? ಗಣಪತಿ ಮೆರವಣಿಗೆಯ ಟ್ರ್ಯಾಕ್ಟರ್ ಹತ್ತೋ ಬಾಕ್ಸಿಗೆ ಪ್ಲೈವುಡ್ಡೇ ಸರಿ. ಹಗುರ, ಏಟು ತಡೆಯುತ್ತೆ, ಸ್ಕ್ರೂ ಹಿಡಿಯುತ್ತೆ. ಮನೆ ಮೂಲೆಯಲ್ಲಿ ಕೂರೋದಕ್ಕೆ ಎಂಡಿಎಫ್ ಸಾಕು, ನೀರು ತಾಗಬಾರದು ಅಷ್ಟೇ. ಬರೀ ಮರದ ಹಲಗೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತೆ, ಸಂದಿ ಬಿಟ್ಟರೆ ಗಾಳಿ ಸೋರುತ್ತೆ. ಅಂಗಡಿಯಲ್ಲಿ ಹೊಳಪು ನೋಡಬೇಡಿ, ತಟ್ಟಿ ನೋಡಿ.

ಅದೇ ಕೋನುಗಳಿಗೆ 18 ಎಂಎಂ ಪ್ಲೈನಲ್ಲಿ, ಒಳಗೆ ಅಡ್ಡಪಟ್ಟಿ ಕೊಟ್ಟು, ಹೊಸ ಬಾಕ್ಸ್ ಮಾಡಿಸಿದೆ. ನೋಡೋಕೆ ಚೆನ್ನಾಗಿಲ್ಲ. ತಟ್ಟಿದರೆ 'ಟಕ್' ಅಂದು ಸುಮ್ಮನಾಗುತ್ತೆ. ತೇಗ ಈಗ ದೇವರ ಗೂಡಿನ ಬಾಗಿಲಾಗಿದೆ.

ಅದೇ ಕ್ಯಾಸೆಟ್ ಮತ್ತೆ ಹಾಕಿದೆ. ಮಾತಿನ ನಡುವೆ ಅಪ್ಪ ಒಮ್ಮೆ ಕೆಮ್ಮಿದರು.

"ಹೂಂ, ಇವರೇ" ಅಂದಳು ಅವ್ವ.