ಕಮಲಾದೇವಿಯವರ ಸೀರೆ

ಉಡುಗೆಯ ವಿಷಯದಲ್ಲಿ ಪ್ರತಿಯೊಬ್ಬ ಹೆಂಗಸಿಗೂ ಮನಸ್ಸಿನಲ್ಲಿ ಒಬ್ಬ ಗುರು ಇರುತ್ತಾಳೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಎಪ್ಪತ್ತರ ದಶಕದಲ್ಲಿ ನಮ್ಮ ಅಕ್ಕಂದಿರಿಗೆ ‘ಶರಪಂಜರ’ದ ಕಲ್ಪನಾ ಇದ್ದರು. ಅವರ ಹಾಗೆ ಸೀರೆ ಉಡಬೇಕು, ಅವರ ಹಾಗೆ ರವಿಕೆ ಹೊಲಿಸಬೇಕು ಎಂದು ನಮ್ಮೂರಿನ ದರ್ಜಿಯ ಪ್ರಾಣ ಹಿಂಡಿದವರು ಎಷ್ಟು ಮಂದಿಯೋ! ಸಂಗೀತದ ಮನೆಗಳಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರು ಹೊತ್ತ ನೀಲಿ ಕಾಂಜೀವರಂ. ಸ್ವಲ್ಪ ಗತ್ತಿನ ಹೆಂಗಸರಿಗೆ ಇಂದಿರಾ ಗಾಂಧಿಯವರ ಕೈಮಗ್ಗದ ಸೀರೆ, ಮುಂಗೂದಲಿನ ಆ ಬಿಳಿಯ ಪಟ್ಟೆ. ನನಗೆ ಗುರು ಸಿಕ್ಕಿದ್ದು ತಡವಾಗಿ, ನಲವತ್ತು ದಾಟಿದ ಮೇಲೆ. ಅವರು ಕಮಲಾದೇವಿ ಚಟ್ಟೋಪಾಧ್ಯಾಯ.

ಹೆಸರು ಬಂಗಾಳದ್ದಾದರೂ ಹೆಣ್ಣು ನಮ್ಮ ಕಡೆಯವರೇ. 1903ರಲ್ಲಿ ಮಂಗಳೂರಿನಲ್ಲಿ, ಸಾರಸ್ವತ ಮನೆತನದಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆಯಾಗಿ, ಹದಿಹರೆಯ ಮುಗಿಯುವ ಮೊದಲೇ ವಿಧವೆಯಾದರು. ಮುಂದೆ ಮದರಾಸಿನಲ್ಲಿ ಓದುವಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರ ಪರಿಚಯವಾಗಿ ಅವರನ್ನು ಮದುವೆಯಾದರು. ವಿಧವೆಯ ಮರುಮದುವೆ, ಅದೂ ಜಾತಿ ಭಾಷೆಗಳನ್ನು ದಾಟಿ! ಕೊನೆಗೆ ಆ ಮದುವೆಯೂ ವಿಚ್ಛೇದನದಲ್ಲಿ ಮುಗಿಯಿತು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತರು. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧೀಜಿಯವರೊಡನೆ ವಾದಿಸಿ, ಬೊಂಬಾಯಿಯ ಬೀದಿಗಳಲ್ಲಿ ಉಪ್ಪು ಮಾರಿ ಜೈಲಿಗೆ ಹೋದರು. ಮಾನವಂತ ಮನೆತನದ ಹೆಣ್ಣು ಬಣ್ಣ ಹಚ್ಚಬಾರದೆಂದಿದ್ದ ಆ ಕಾಲದಲ್ಲೇ ‘ವಸಂತಸೇನೆ’ ಎಂಬ ಮೂಕಿ ಚಿತ್ರದಲ್ಲಿ ನಟಿಸಿದರು. ಇಷ್ಟನ್ನೆಲ್ಲ ಹೇಳಿದ್ದು ಅವರ ಚರಿತ್ರೆ ಬರೆಯಲಿಕ್ಕಲ್ಲ. ಅವರು ಉಟ್ಟ ಸೀರೆಯ ಹಿಂದೆ ಎಂಥ ಬದುಕಿತ್ತು ಎಂಬುದು ಗೊತ್ತಿರಲಿ ಎಂದು.

ಅವರ ಭಾವಚಿತ್ರಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕು. ನಾನು ಕಂಡವುಗಳಲ್ಲಿ ಹೆಚ್ಚಿನವು ನಡುವಯಸ್ಸು ದಾಟಿದ ಮೇಲಿನವು. ಕೈಮಗ್ಗದ ಸೀರೆ, ಹಣೆಯಲ್ಲಿ ಬೊಟ್ಟು, ಕೊರಳಲ್ಲಿ ಎದ್ದು ಕಾಣುವ ಸರ. ಕಪ್ಪುಬಿಳುಪು ಚಿತ್ರದಲ್ಲಿ ಬಣ್ಣ ತಿಳಿಯದಿದ್ದರೂ ಅಂಚಿನ ಅಗಲ ತಿಳಿಯುತ್ತದೆ. ಮುಖದಲ್ಲಿ ‘ನಾನು ಚೆನ್ನಾಗಿದ್ದೇನೆಯೇ?’ ಎಂಬ ಪ್ರಶ್ನೆಯಿಲ್ಲ. ಅವರ ಸುತ್ತಲಿನ ರಾಜಕಾರಣದಲ್ಲಿ ಬಿಳಿಯ ಖಾದಿಯೇ ಸಮವಸ್ತ್ರ. ತ್ಯಾಗಕ್ಕೆ ಬಿಳಿ, ಸರಳತೆಗೆ ಬಿಳಿ, ಪ್ರಾಮಾಣಿಕತೆಗೂ ಬಿಳಿ. ಸರಳವಾಗಿರುವುದೆಂದರೆ ಬಣ್ಣ ಬಿಡುವುದು ಎಂಬ ಈ ಲೆಕ್ಕವನ್ನು ಕಮಲಾದೇವಿ ಒಪ್ಪಿದಂತೆ ಕಾಣುವುದಿಲ್ಲ. ಜೈಲು ಕಂಡು ಬಂದವರು, ಹೋರಾಟದಲ್ಲಿ ಯಾರಿಗೂ ಕಡಿಮೆಯಲ್ಲ, ಆದರೂ ಅಲಂಕಾರ ಬಿಡಲಿಲ್ಲ.

ಇದು ನನಗೇಕೆ ಇಷ್ಟು ಮುಖ್ಯವಾಯಿತೆಂದು ಹೇಳಬೇಕು. ನಮ್ಮ ಯಜಮಾನರು ತೀರಿಕೊಂಡಾಗ ನನಗೆ ನಲವತ್ತಮೂರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಬಂಧುಗಳೊಬ್ಬರು, ಪ್ರೀತಿಯಿಂದಲೇ, ಎರಡು ಸೀರೆ ತಂದುಕೊಟ್ಟರು. ಒಂದು ಬೂದಿ ಬಣ್ಣದ್ದು, ಇನ್ನೊಂದು ತಿಳಿ ಕಂದು. ನಮ್ಮ ಅಜ್ಜಿಯ ಕಾಲದ ಹಾಗೆ ಈಗ ಯಾರೂ ತಲೆ ಬೋಳಿಸಿ ಕೆಂಪು ಸೀರೆ ಉಡಿಸುವುದಿಲ್ಲ. ಈಗ ನಡೆಯುವುದು ಬಹಳ ನಯವಾಗಿ. ‘ಇನ್ನು ಇಂಥದ್ದೇ ಚೆನ್ನಾಗಿ ಕಾಣುತ್ತೆ ಕಣೇ’ ಎನ್ನುತ್ತಾರೆ. ಅರಿಶಿನ ಕುಂಕುಮಕ್ಕೆ ಕರೆಯುವಾಗ ಪಕ್ಕದ ಮನೆಗೆ ಹೋದವರು ನಮ್ಮ ಬಾಗಿಲಿನ ಮುಂದೆ ಸ್ವಲ್ಪ ಬೇಗ ನಡೆಯುತ್ತಾರೆ. ಮಾವಿನ ಚಿಗುರಿನ ಬಣ್ಣದ ಸೀರೆ ಉಟ್ಟು ಕೆಲಸಕ್ಕೆ ಹೋದ ದಿನ ‘ಏನು ವಿಶೇಷ ಇವತ್ತು?’ ಎಂದು ಕೇಳಿದವರು ಮೂವರು. ವಿಶೇಷವೇನೂ ಇರಲಿಲ್ಲ. ಮಂಗಳವಾರ, ಅಷ್ಟೆ.

ಆ ದಿನಗಳಲ್ಲಿ ಕಮಲಾದೇವಿಯವರ ಚಿತ್ರ ನನಗೆ ಬೇರೆಯಾಗಿ ಕಂಡಿತು. ನಮ್ಮಲ್ಲಿ ಹೂವು, ಕುಂಕುಮ, ಬಳೆ ಎಲ್ಲವೂ ಮುತ್ತೈದೆತನದ ಲೆಕ್ಕಕ್ಕೆ ಸೇರಿದವು. ಅವುಗಳ ಒಡೆತನ ನಮ್ಮದಲ್ಲ, ಗಂಡನ ಆಯುಷ್ಯದ್ದು. ಅವನಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಮ್ಮೆ ವಿಧವೆಯಾಗಿ, ಇನ್ನೊಮ್ಮೆ ವಿಚ್ಛೇದನ ಪಡೆದ ಈ ಹೆಂಗಸು ಅಲಂಕಾರವನ್ನು ಆ ಲೆಕ್ಕದಿಂದಲೇ ತೆಗೆದುಬಿಟ್ಟರು. ತೆಗೆದು ಎಲ್ಲಿ ಇಟ್ಟರು? ನೇಯ್ದವನ ಕೈಯಲ್ಲಿ. ಸೀರೆಯ ಸಂಬಂಧ ಉಟ್ಟವಳಿಗೂ ಅದನ್ನು ನೇಯ್ದವರಿಗೂ ನಡುವಿನದು, ಮೂರನೆಯವರಿಗೆ ಅಲ್ಲಿ ಕೆಲಸವಿಲ್ಲ. ಅವರ ಉಡುಗೆಯಲ್ಲಿ ನಾನು ಓದಿಕೊಂಡ ಅರ್ಥ ಇದು.

ಇದು ನನ್ನ ಕಲ್ಪನೆ ಎಂದು ಯಾರಾದರೂ ಅಂದರೆ ಅವರ ಕೆಲಸವನ್ನೇ ಸಾಕ್ಷಿಗೆ ಕರೆಯುತ್ತೇನೆ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದವರು, ಮುಂದಿನ ವರ್ಷಗಳಲ್ಲಿ ದೇಶದ ಮೂಲೆಮೂಲೆ ಸುತ್ತಿ ನೇಕಾರರನ್ನು, ಕುಂಬಾರರನ್ನು, ಬುಟ್ಟಿ ಹೆಣೆಯುವವರನ್ನು ಹುಡುಕಿ ಮಾತಾಡಿಸಿದರು. ಅವರ ಕೆಲಸಕ್ಕೆ ಮಾರುಕಟ್ಟೆ, ಮರ್ಯಾದೆ ಎರಡೂ ಸಿಗಬೇಕೆಂದು 1988ರಲ್ಲಿ ಕಣ್ಣು ಮುಚ್ಚುವವರೆಗೂ ದುಡಿದರು. ಅಂಥವರಿಗೆ ಸೀರೆ ಬರೀ ಮೈ ಮುಚ್ಚುವ ಬಟ್ಟೆಯಾಗಿರಲು ಸಾಧ್ಯವೇ? ಇಳಕಲ್ ಸೀರೆಯನ್ನೇ ನೋಡಿ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಇದನ್ನು ತಿಳಿದವಳು ಆ ಸೀರೆ ಉಡುವುದಕ್ಕೂ, ತಿಳಿಯದವಳು ಉಡುವುದಕ್ಕೂ ವ್ಯತ್ಯಾಸವಿದೆ. ತಿಳಿದವಳು ಸೆರಗನ್ನು ಸ್ವಲ್ಪ ಹುಷಾರಾಗಿ ಹೊದೆಯುತ್ತಾಳೆ.

ಹಾಗೆಂದು ಗುರುವನ್ನು ಪೂಜೆ ಮಾಡಿ ಕೂರುವವಳಲ್ಲ ನಾನು. ಅವರ ಬಗ್ಗೆ ನನಗೆ ಎರಡು ತಕರಾರುಗಳಿವೆ. ಮೊದಲನೆಯದು ಅವರ ಮೌನ. 1986ರಲ್ಲಿ ಬಂದ ಆತ್ಮಕಥೆಯಲ್ಲಿ ಚಳವಳಿ ಇದೆ, ದೇಶಾಟನೆ ಇದೆ, ಕರಕುಶಲವಿದೆ. ತಮ್ಮ ಒಳಬದುಕಿನ ಬಗ್ಗೆ ಮಾತ್ರ ತೀರಾ ಕಡಿಮೆ ಮಾತು. ಬೇಕಿದ್ದುದು ನಮ್ಮಂಥವರಿಗೆ ಅದೇ. ಮೊದಲ ಸಲ ಬಣ್ಣ ಉಟ್ಟು ಹೊರಗೆ ಹೊರಟಾಗ ಕಾಲು ನಡುಗಿತೇ, ಮನೆಯವರು ಏನೆಂದರು ಎಂದು ಕೇಳಬೇಕೆನ್ನಿಸುತ್ತದೆ. ಅದು ಅವರ ಸಂಕೋಚವೋ, ಬಿಗುಮಾನವೋ! ಅವರು ಹೇಳದೆ ಬಿಟ್ಟದ್ದನ್ನು ಭಾವಚಿತ್ರಗಳಿಂದ ಓದಿಕೊಳ್ಳಬೇಕಾಗಿದೆ.

ಎರಡನೆಯದು ಅವರಿಗಿಂತ ಹೆಚ್ಚಾಗಿ ಅವರನ್ನು ಅನುಸರಿಸಿದವರ ಮೇಲಿನದು. ದೊಡ್ಡ ಬೊಟ್ಟು, ಬೆಳ್ಳಿಯ ದಪ್ಪ ಸರ, ಕೈಮಗ್ಗದ ಸೀರೆ ಇವು ಈಗ ದೊಡ್ಡ ನಗರಗಳ ಸಭೆಗಳಲ್ಲಿ ಇನ್ನೊಂದು ಸಮವಸ್ತ್ರವಾಗಿವೆ. ಅಲ್ಲಿ ಸೀರೆಯ ಬೆಲೆ ಕೇಳಿದರೆ ನಮ್ಮೂರಿನ ಮೇಷ್ಟರ ಮನೆಯವರು ಬೆಚ್ಚಬೇಕು. ತಿಂಗಳ ಸಂಬಳವನ್ನು ಅಕ್ಕಿಬೇಳೆಗೆ, ಮಕ್ಕಳ ಫೀಸಿಗೆ ಹಂಚಿ ಉಳಿದದ್ದರಲ್ಲಿ ಯಂತ್ರಮಗ್ಗದ ಸೀರೆ ಕೊಂಡವಳನ್ನು ರುಚಿಯಿಲ್ಲದವಳು ಎಂದರೆ ನಾನು ಒಪ್ಪಲಾರೆ. ಅಷ್ಟಕ್ಕೂ ಯಂತ್ರಮಗ್ಗದ ಮುಂದೆ ನಿಂತು ದುಡಿಯುವವರೂ ಮನುಷ್ಯರೇ ತಾನೆ? ಕಮಲಾದೇವಿಯವರ ವೇಷವನ್ನು ಇಡಿಯಾಗಿ ಎತ್ತಿಕೊಳ್ಳಲು ಹೊರಟರೆ ಅದು ಹಣವಿದ್ದವರ ಕೈಯಲ್ಲೇ ಉಳಿಯುತ್ತದೆ.

ಅದಕ್ಕೇ ನಾನು ಅವರಿಂದ ತೆಗೆದುಕೊಂಡದ್ದು ವೇಷವನ್ನಲ್ಲ. ಎರಡು ವರ್ಷಕ್ಕೊಂದು ಒಳ್ಳೆಯ ಕೈಮಗ್ಗದ ಸೀರೆ. ಕೊಳ್ಳುವಾಗ ‘ಇದು ಯಾವ ಊರಿನದು, ಯಾರು ನೇಯ್ದದ್ದು?’ ಎಂಬ ಪ್ರಶ್ನೆ. ಅಂಗಡಿಯವರು ಮೊದಮೊದಲು ನಕ್ಕರು, ಈಗ ವಿಚಾರಿಸಿಟ್ಟು ಹೇಳುತ್ತಾರೆ. ಮಂಗಳೂರು ಕಡೆ ಹೋದಾಗ ಒಂದು ಉಡುಪಿ ಸೀರೆ ತಂದೆ. ನೇಯುವವರು ಬೆರಳೆಣಿಕೆಗೆ ಇಳಿದು, ಈಚೆಗೆ ಮತ್ತೆ ಚಿಗುರುತ್ತಿರುವ ನೇಯ್ಗೆ ಅದು. ಹಗುರವಾದ ಹತ್ತಿಯ ಸೀರೆ, ನಮ್ಮ ಸೆಖೆಗೆ ಹೇಳಿ ಮಾಡಿಸಿದ್ದು. ಬಣ್ಣ ಆರಿಸುವಾಗ ಮಾತ್ರ ಯಾರನ್ನೂ ಕೇಳುವುದಿಲ್ಲ.

ತೆರೆಯ ಮೇಲಿನ ಚೆಲುವೆಯರು ನಮಗೆ ಹೇಗೆ ಕಾಣಬೇಕೆಂದು ಕಲಿಸಿದರು. ಅದನ್ನು ನಾನು ಹಗುರವಾಗಿ ಎಣಿಸುವುದಿಲ್ಲ; ಹರೆಯದಲ್ಲಿ ಅದೂ ಬೇಕು. ಆದರೆ ನೋಡುವವರು ‘ಇವಳಿಗೆ ಇನ್ನು ಯಾತಕ್ಕೆ?’ ಎಂದುಕೊಳ್ಳುವ ವಯಸ್ಸಿನಲ್ಲಿ ಬೇಕಾಗುವ ಗುರು ಬೇರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿಯೇ ಇಲ್ಲ ಎಂದು ಕಮಲಾದೇವಿ ಉಟ್ಟು ತೋರಿಸಿದರು. ಬೂದಿ ಬಣ್ಣದ ಆ ಸೀರೆಯೂ ನನ್ನಲ್ಲಿದೆ, ಇಷ್ಟವಾದ ದಿನ ಉಡುತ್ತೇನೆ. ಅದೂ ಒಂದು ಬಣ್ಣವೇ.