ಅಳಿಸಬಲ್ಲ ಬರಹ : ಕಡತ, ಬಳಪ, ಪೆನ್ಸಿಲು

ಲೇಖನಸಾಧನಗಳ ಮಾತು ಬಂದಾಗ ವಿದ್ವಜ್ಜನರು ಕಂಟವನ್ನೂ ತಾಳೆಯೋಲೆಯನ್ನೂ ಸ್ಮರಿಸುವರು. ಶಿಲಾಶಾಸನ ತಾಮ್ರಪಟಗಳನ್ನು ಕೊಂಡಾಡುವರು. ಬಳಪವನ್ನೂ ಪೆನ್ಸಿಲನ್ನೂ ಮಕ್ಕಳ ವಸ್ತುಗಳೆಂದು ಬದಿಗಿಡುವುದು ವಾಡಿಕೆ. ಈ ಅನಾದರವು ಯುಕ್ತವೆ ಎಂಬುದು ವಿಚಾರಾರ್ಹವಾದುದು. ಕನ್ನಡ ನಾಡಿನಲ್ಲಿ ಬಳಪವು ಬಾಲಕರ ಕೈಯಲ್ಲಿ ಮಾತ್ರವಲ್ಲದೆ ವರ್ತಕರ ಮತ್ತು ಲೆಕ್ಕಿಗರ ಕೈಯಲ್ಲಿಯೂ ಬಹುಕಾಲ ಇದ್ದಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ತಾಲ್ಲೂಕು ಕಚೇರಿಗಳಲ್ಲಿ ಇಂದು ಕಡತವೆಂದರೆ ಕಾಗದದ ಕಟ್ಟು. ಪೂರ್ವದಲ್ಲಿ ಅದು ಬಟ್ಟೆ. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಸೇರಿಸಿ ಎರಡು ಮಗ್ಗುಲಿಗೂ ಬಳಿದು, ಒಣಗಿದ ಮೇಲೆ ಕತ್ತರಿಸದೆ ಸಮನಾಗಿ ಮಡಿಸುತ್ತಿದ್ದರು. ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಬರೆಯಬಹುದು, ಒರಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ವಸ್ತುವು ಮರೆಯಾದರೂ ಹೆಸರು ಕಚೇರಿಯಲ್ಲಿ ನಿಂತಿದೆ.

ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬುವರು ೧೮೧೦ರಿಂದ ಪ್ರಕಟವಾಗತೊಡಗಿದ ತಮ್ಮ ಚರಿತ್ರಗ್ರಂಥದಲ್ಲಿ ಕಡತವನ್ನು ವರ್ಣಿಸಿರುವರು. ಅಗಲ ಎಂಟು ಅಂಗುಲದಿಂದ ಒಂದು ಅಡಿ. ಉದ್ದ ನಾಲ್ಕರಿಂದ ಆರು ಗಜ. ಎರಡು ಕೊನೆಗಳಲ್ಲಿ ಬಣ್ಣದ ಮರದ ಹಲಗೆ. ಟಿಪ್ಪು ಸುಲ್ತಾನನು ಸರಕಾರದ ಲೆಕ್ಕಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿದನೆಂದು ತಿಳಿಸಿ, ವಿಲ್ಕ್ಸರು ಕಡತದ ಪಕ್ಷವನ್ನೇ ವಹಿಸುವರು. ತಾಮ್ರ ಶಿಲೆಗಳನ್ನು ಬಿಟ್ಟರೆ ಈ ದೇಶದಲ್ಲಿ ಇದಕ್ಕಿಂತ ಬಾಳಿಕೆಯ ಲೇಖನವಸ್ತುವಿಲ್ಲವೆಂಬುದು ಅವರ ಮತ.

ಈ ಮತವನ್ನು ಹಾಗೆಯೇ ಒಪ್ಪಲಾಗದು. ವಸ್ತುವಿನ ಬಾಳಿಕೆ ಬೇರೆ, ಬರಹದ ವಿಶ್ವಾಸಾರ್ಹತೆ ಬೇರೆ. ಬಟ್ಟೆ ನೂರು ವರ್ಷ ಬಾಳಿದರೂ ಅದರ ಮೇಲಣ ಅಂಕೆಯು ಒಂದು ರಾತ್ರಿಯಲ್ಲಿ ಬದಲಾಗಬಹುದು. ರೈತನ ಕಂದಾಯವು ಅಂಥ ಅಂಕೆಯನ್ನು ಅವಲಂಬಿಸಿದಾಗ ಸುಲ್ತಾನನ ಆಜ್ಞೆಯನ್ನು ಅವಿವೇಕವೆನ್ನಲಾದೀತೆ? ಆದರೆ ವಿಲ್ಕ್ಸರೇ ಹೇಳುವ ಇನ್ನೊಂದು ಸಂಗತಿಯು ಈ ವಾದಕ್ಕೆ ಉತ್ತರವನ್ನೂ ಒದಗಿಸುವುದು. ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಗಳ ಸಮೇತ ಬರೆದಿದ್ದ ಸಾಲಪತ್ರವನ್ನು ನ್ಯಾಯವಿಚಾರಣೆಯಲ್ಲಿ ಪ್ರಮಾಣವಾಗಿ ಅಂಗೀಕರಿಸಿದ್ದನ್ನು ಅವರು ಕಂಡಿದ್ದರು. ಅಲ್ಲಿ ಬರಹಕ್ಕೆ ಬಲವು ಬಳಪದಿಂದ ಬಂದುದಲ್ಲ, ಸಾಕ್ಷಿಗಳಿಂದ ಬಂದುದು.

ಪೆನ್ಸಿಲಿನ ಚರಿತ್ರೆಯೂ ಇದೇ ಬಗೆಯದು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೊಡೇಲ್ ಕಣಿವೆಯಲ್ಲಿ ದೊರೆತ ಕಪ್ಪು ಖನಿಜವನ್ನು ಜನರು ಸೀಸವೆಂದು ಭ್ರಮಿಸಿದರು. ಅದು ಇಂಗಾಲವೆಂದು ೧೭೭೯ರಲ್ಲಿ ಷೀಲೆ ತೋರಿಸಿದನು. ೧೭೯೫ರಲ್ಲಿ ಫ್ರಾನ್ಸಿನ ಕಾಂಟೆ ಎಂಬುವನು ಅದರ ಪುಡಿಗೆ ಜೇಡಿಮಣ್ಣನ್ನು ಬೆರೆಸಿ ಸುಟ್ಟು ಕಡ್ಡಿ ಮಾಡಿದನು. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗೆರೆ ತೆಳು. ಕನ್ನಡದ ಸೀಸದ ಕಡ್ಡಿ ಎಂಬ ಹೆಸರಿನಲ್ಲಿ ಆ ಹಳೆಯ ಭ್ರಮೆಯೇ ಉಳಿದಿದೆ. ಬಾಲಕನಿಗೆ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುವ ಅವಕಾಶವನ್ನೂ, ಕವಿಗೆ ಕರಡನ್ನೂ, ಶಿಲ್ಪಿಗೆ ಮೊದಲ ರೇಖೆಯನ್ನೂ ಕೊಡುವುದು ಈ ಕಡ್ಡಿಯೇ. ಶಾಯಿಯ ಬರಹಕ್ಕೆ ಈ ಸಹನೆಯಿಲ್ಲ.

ಹಾಗಾದರೆ ಅಳಿಸಬಲ್ಲ ಬರಹವು ಕೇವಲ ಅಭ್ಯಾಸಕ್ಕೆ ಸಲ್ಲತಕ್ಕದ್ದೆ? ಕಾಲವು ಈ ಪ್ರಶ್ನೆಯನ್ನು ಮರಳಿ ತಂದಿದೆ. ೨೦೦೦ದಲ್ಲಿ ಆರಂಭವಾದ ಭೂಮಿ ಯೋಜನೆಯಿಂದ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಯಂತ್ರದಲ್ಲಿಯ ಬರಹವೂ ಅಳಿಸಿ ಬರೆಯಬಹುದಾದುದೇ; ಆ ಅರ್ಥದಲ್ಲಿ ಅದು ಹೊಸ ಕಡತ. ಆದುದರಿಂದಲೇ ತಿದ್ದುವ ಅಧಿಕಾರಿಯು ಮೊದಲು ತನ್ನ ಬೆರಳಚ್ಚನ್ನು ಒತ್ತಬೇಕೆಂಬ ವಿಧಿಯನ್ನು ಅಲ್ಲಿ ಇಟ್ಟರು. ವರ್ತಕನ ಕಡತದಲ್ಲಿ ಸಾಕ್ಷಿಯು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬೆರಳು ಮಾಡುವುದು.

ಸುಲ್ತಾನನು ಕಂಡ ದೋಷವೂ ನಿಜ, ವಿಲ್ಕ್ಸರು ಕಂಡ ಗುಣವೂ ನಿಜ. ತಿದ್ದುವುದರಲ್ಲಿ ದೋಷವಿಲ್ಲ, ತಿದ್ದಿದವನು ಯಾರೆಂದು ತಿಳಿಯದಂತೆ ತಿದ್ದುವುದೇ ದೋಷ. ಹೊಲದ ಗಡಿಯನ್ನು ಬರೆಯುವ ಕೈಗಳೂ ಮಗುವಿನ ಕೈಗೆ ಮೊದಲ ಪೆನ್ಸಿಲನ್ನು ಕೊಡುವ ಹಿರಿಯರೂ ಇದನ್ನು ನೆನಪಿನಲ್ಲಿಡತಕ್ಕದ್ದು.